53 ಪಾಯಿಂಟ್ ಸೋತ ಮರುದಿನ

ಸ್ಕೋರ್ ತಪ್ಪಾಗಿ ಬಂದಿರಬೇಕು ಅಂದುಕೊಂಡೆ. ಅಮೆರಿಕದ ಹೆಂಗಸರ ಬ್ಯಾಸ್ಕೆಟ್‌ಬಾಲ್. ಮಿನೆಸೋಟ ಲಿಂಕ್ಸ್ 111, ಲಾಸ್ ವೇಗಾಸ್ ಏಸಸ್ 58. 2025ರ ಆಗಸ್ಟ್ 3, ಭಾನುವಾರ ಬೆಳಿಗ್ಗೆ. ಶ್ರಾವಣದ ಮಳೆ ರಾತ್ರಿಯೆಲ್ಲ ಜಿಟಿಜಿಟಿ ಅಂದು ನಿಂತಿತ್ತು. ನಾನು ಚಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದೆ. ಅಣ್ಣನ ಮಗಳು ಪಕ್ಕದಲ್ಲಿ ಫರ್ಸಿ ಮೇಲೆ ಕೂತು ಸುಸಲಾ ತಿನ್ನುತ್ತಿದ್ದಳು. ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು, ಹೇಳಿರಲಿಲ್ಲ. ನನ್ನ ಮುಖ ನೋಡಿ, "ಹೌದತ್ತಿ, ಖರೇನೇ ಅದ. ಐವತ್ಮೂರು ಪಾಯಿಂಟ್" ಅಂದಳು. ಅದೂ ತಮ್ಮದೇ ಊರಲ್ಲಿ, ತಮ್ಮದೇ ಜನರ ಎದುರಿಗೆ. ಡಬ್ಲ್ಯುಎನ್‌ಬಿಎ ಅನ್ನುವ ಆ ಲೀಗ್ ಶುರುವಾದ 1997ರಿಂದ ಅವತ್ತಿನವರೆಗೆ ಸ್ವಂತ ಅಂಗಳದಲ್ಲಿ ಯಾವ ತಂಡವೂ ಇಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ.

ಕಲಬುರಗಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ನಲವತ್ತರ ಹತ್ತಿರ ಬಂದ ಹೆಂಗಸಿಗೆ ಲಾಸ್ ವೇಗಾಸ್‌ನ ಹುಡುಗಿಯರ ಗೊಡವೆ ಯಾಕೆ ಅಂತ ನೀವು ಕೇಳಬಹುದು. ನಮ್ಮ ಬ್ರಾಂಚಿನಲ್ಲೂ ಕೇಳುತ್ತಾರೆ. ಇದೆಲ್ಲ ಈ ಹುಡುಗಿಯ ಕೆಲಸ. ಒಂಬತ್ತನೇ ಕ್ಲಾಸಿಗೆ ಊರಿನಿಂದ ನಮ್ಮ ಮನೆಗೆ ಬಂದಳು, ಬರುವಾಗ ಬ್ಯಾಸ್ಕೆಟ್‌ಬಾಲ್ ಹುಚ್ಚನ್ನೂ ಕಟ್ಟಿಕೊಂಡು ಬಂದಳು. ಕಳೆದ ವರ್ಷ ಪೂರ್ತಿ ಇಂಡಿಯಾನಾ ಫೀವರ್ ತಂಡದ ಕೇಟ್ಲಿನ್ ಕ್ಲಾರ್ಕ್ ಜಪ. ಈ ವರ್ಷ ಏಸಸ್‌ನ ಏಜಾ ವಿಲ್ಸನ್. ಇಬ್ಬರ ಬೆನ್ನ ಮೇಲೂ ಒಂದೇ ನಂಬರು, 22. ಇವಳೂ ತನ್ನ ಶಾಲೆಯ ಟೀ ಶರ್ಟಿನ ಹಿಂದೆ 22 ಅಂತ ಬರೆಸಿಕೊಂಡಿದ್ದಾಳೆ. ಅದು ಯಾರ 22 ಅಂತ ಕೇಳಿದರೆ, "ನಂದು" ಅನ್ನುತ್ತಾಳೆ. ಅಮೆರಿಕದ ಪೂರ್ವದ ಊರುಗಳಲ್ಲಿ ಸಂಜೆ ಏಳಕ್ಕೆ ಶುರುವಾದ ಆಟ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತದೆ. ವೇಗಾಸ್‌ನಲ್ಲಾದರೆ ಏಳೂವರೆಗೆ. ಹೀಗಾಗಿ ಮೇ ತಿಂಗಳಿಂದ ನಮ್ಮ ಮನೆಯ ಬೆಳಗು ಸುಪ್ರಭಾತದ ಬದಲು ರೆಫರಿಯ ಸೀಟಿಯಿಂದ ಶುರುವಾಗುತ್ತಿತ್ತು. ಮೇ ತಿಂಗಳ ಕಲಬುರಗಿಯಲ್ಲಿ ಹೇಗೂ ನಿದ್ದೆ ಬರೋದಿಲ್ಲ, ಅದು ಬೇರೆ ಮಾತು.

ಆದರೆ ಆ ಭಾನುವಾರ ನನ್ನ ಹೊಟ್ಟೆ ಕಿವುಚಿದ್ದು ಏಸಸ್‌ಗಾಗಿ ಅಲ್ಲ. ನನಗೂ ಅಂಥದೊಂದು ಸ್ಕೋರ್ ಇದೆ. 74–17. ಲೆಕ್ಕ ಹಾಕಿದರೆ 57 ಪಾಯಿಂಟ್. ಏಸಸ್‌ಗಿಂತ ನಾಲ್ಕು ಜಾಸ್ತಿಯೇ ಆಯ್ತು. ಆ ಒಂದು ವಿಷಯದಲ್ಲಿ ನಾವು ಅವರನ್ನು ಮೀರಿಸಿದ್ದೇವೆ. ಹದಿನೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವತ್ತು ಹುಡುಗಿಗೆ ಹೇಳಿಬಿಟ್ಟೆ.

ಏಳನೇ ನಂಬರಿನ ಚೆಂಡು

2007. ಆಗ ಊರಿಗೆ ಇನ್ನೂ ಗುಲಬರ್ಗಾ ಅಂತಲೇ ಹೆಸರು. ನಮ್ಮ ಕಾಲೇಜಿಗೊಂದು ಸಿಮೆಂಟಿನ ಕೋರ್ಟ್ ಇತ್ತು. ಒಂದು ಬದಿಯ ರಿಂಗಿಗೆ ಹುಡುಗರು ಜೋತು ಬಿದ್ದು ಬಿದ್ದು ಅದು ಮುಂದಕ್ಕೆ ಬಾಗಿ, ಊಟಕ್ಕೆ ಕೈ ಚಾಚಿದ ಹಾಗೆ ಕಾಣುತ್ತಿತ್ತು. ಬಲೆ ಇರಲಿಲ್ಲ. ಬಲೆ ಇಲ್ಲದ ರಿಂಗಿನಲ್ಲಿ ಚೆಂಡು ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಅಂತ ಜಗಳ ಆಗೋದೇ ಜಾಸ್ತಿ. ಬಿಸಿಲೇರುವ ಮೊದಲು, ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್. ಟ್ರ್ಯಾಕ್ ಪ್ಯಾಂಟ್ ಮೇಲೊಂದು ಕುರ್ತಾ, ಗೇಟಿನವರೆಗೆ ದುಪಟ್ಟಾ. ಗೇಟು ದಾಟಿದ ಮೇಲೆ ದುಪಟ್ಟಾ ಬೇವಿನ ಗಿಡದ ಕೊಂಬೆಗೆ. ಹತ್ತು ಹುಡುಗಿಯರ ಹತ್ತು ಬಣ್ಣದ ದುಪಟ್ಟಾ ಆ ಗಿಡಕ್ಕೆ ಜೋತಾಡುತ್ತಿದ್ದವು. ದೂರದಿಂದ ನೋಡಿದವರು ಹರಕೆ ಗಿಡ ಅಂದುಕೊಳ್ಳಬೇಕು, ಹಾಗೆ.

ಇದ್ದದ್ದು ಒಂದೇ ಚೆಂಡು. ಹುಡುಗರು ಆಡಿ ಬಿಟ್ಟಿದ್ದು. ಮೇಲಿನ ಗುಳ್ಳೆಗಳೆಲ್ಲ ಸವೆದು ಬೋಳಾಗಿತ್ತು. ಕೈ ಬೆವರಿದರೆ ಜಾರುತ್ತಿತ್ತು. ಅದರ ಮೇಲೆ 7 ಅಂತ ಬರೆದಿತ್ತು. ಅದು ಸೈಜು ಅಂತ ನಮಗೆ ಗೊತ್ತಿರಲಿಲ್ಲ. ಕಂಪನಿಯ ನಂಬರ್ ಇರಬೇಕು ಅಂದುಕೊಂಡಿದ್ದೆವು. ಮೂರು ವರ್ಷ ಅದೇ ಚೆಂಡಿನಲ್ಲಿ ಆಡಿದೆವು. ನನ್ನ ಕೈ, ನನ್ನ ಮೊಣಕಾಲು, ಎಷ್ಟು ಜೋರು ಹಾಕಿದರೆ ರಿಂಗಿಗೆ ತಲುಪುತ್ತದೆ ಅನ್ನುವ ಅಂದಾಜು, ಎಲ್ಲ ಆ ಚೆಂಡಿಗೆ ಹೊಂದಿಕೊಂಡಿತ್ತು.

ಆ ವರ್ಷ ನಮ್ಮಲ್ಲಿ ಕೆಲವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದೆವು. ಪಂದ್ಯ ತಮಿಳುನಾಡಿನಲ್ಲಿ. ಮುಂಬೈನಿಂದ ಚೆನ್ನೈಗೆ ಹೋಗುವ ರೈಲು ನಮ್ಮೂರ ಮೇಲೆಯೇ ಹೋಗುತ್ತದಲ್ಲ, ಅದರಲ್ಲಿ ಹನ್ನೆರಡು ಜನ ಆರು ಸೀಟಿನಲ್ಲಿ. ಅಲ್ಲಿ ಮೊದಲನೇ ಪಂದ್ಯವೇ ಚೆನ್ನೈ ಕಡೆಯ ದೊಡ್ಡ ತಂಡದ ಜೊತೆ. ವಾರ್ಮ್ ಅಪ್‌ಗೆ ಚೆಂಡು ಕೊಟ್ಟರು. ಕೈಗೆ ಬಂದ ತಕ್ಷಣ ನನಗೆ ಅನಿಸಿದ್ದು, ಇದೇನಿದು ಮಕ್ಕಳ ಚೆಂಡು? ಹಗುರ. ಸಣ್ಣದು. ನಮ್ಮ ಕ್ಯಾಪ್ಟನ್ ಪಿ.ಡಿ. ಸರ್ ಹತ್ತಿರ ಓಡಿದಳು. "ಸರ್, ಚೆಂಡು ಸಣ್ಣದ ಕೊಟ್ಟಾರ್ರಿ." ಸರ್ ಚೆಂಡು ತಿರುಗಿಸಿ ನೋಡಿದರು. ಒಂದು ಮಾತೂ ಆಡಲಿಲ್ಲ. ಅವರ ಮುಖ ನೋಡಿದಾಗಲೇ ನಮಗೆ ಗೊತ್ತಾಯಿತು, ತಪ್ಪು ಆ ಚೆಂಡಿನದಲ್ಲ ಅಂತ.

ಹೆಂಗಸರ ಚೆಂಡು ಆರನೇ ನಂಬರಿನದು. ಸುತ್ತಳತೆ ಗಂಡಸರದ್ದಕ್ಕಿಂತ ಒಂದು ಇಂಚು ಕಡಿಮೆ, ತೂಕವೂ ಸ್ವಲ್ಪ ಕಡಿಮೆ. ಅಮೆರಿಕದ ಲೀಗ್ ಶುರುವಿನಿಂದಲೂ ಅದನ್ನೇ ಆಡಿಸಿದೆ. ಉಳಿದ ಜಗತ್ತಿಗೂ ಆ ನಿಯಮ ಬಂದು ಆಗಲೇ ಮೂರು ವರ್ಷವಾಗಿತ್ತು. ನಿಯಮ ನಮ್ಮ ಬೇವಿನ ಗಿಡದವರೆಗೆ ಬಂದಿರಲಿಲ್ಲ, ಅಷ್ಟೇ. ಒಂದು ಇಂಚು ಏನು ಮಹಾ ಅನ್ನಬೇಡಿ. ದಿನಾ ದೊಡ್ಡ ಕೊಡ ಹೊತ್ತವಳು ಒಂದು ದಿನ ಖಾಲಿ ಬಿಂದಿಗೆ ಅಂತ ಗೊತ್ತಿಲ್ಲದೆ ಎತ್ತಿದರೆ ಹೇಗೆ ತೋಳು ಮೇಲಕ್ಕೆ ಹಾರುತ್ತದೋ ಹಾಗಾಯಿತು. ನಾವು ಎಸೆದದ್ದೆಲ್ಲ ರಿಂಗ್ ದಾಟಿ ಬೋರ್ಡಿಗೆ ಬಡಿದು ವಾಪಸ್ ಬರುತ್ತಿತ್ತು. ಪಾಸ್ ಕೊಟ್ಟರೆ ಗೆಳತಿಯ ತಲೆ ಮೇಲಿಂದ ಹೊರಗೆ. ಅರ್ಧ ಆಟಕ್ಕೆ 41–6. ಚೆಂಡು ಸರಿ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಹೇಳುತ್ತಿಲ್ಲ. ಆ ಹುಡುಗಿಯರು ನಮಗಿಂತ ಒಂದು ಗೇಣು ಎತ್ತರ, ಮೂರು ಪಟ್ಟು ಚುರುಕು. ಹೇಗೂ ಸೋಲುತ್ತಿದ್ದೆವು. ಆದರೆ ಕೊನೆಯ ಹತ್ತು ನಿಮಿಷದಲ್ಲಿ ಏನೋ ಆಯಿತು. ಕೈಗೆ ಆ ಚೆಂಡು ಹೊಂದತೊಡಗಿತು. ನಮ್ಮ 17ರಲ್ಲಿ ಏಳು ಪಾಯಿಂಟ್ ಆಗ ಬಂದದ್ದು. ಕೊನೆಯ ಬುಟ್ಟಿ ನನ್ನದು, ಬಲಗಡೆ ಮೂಲೆಯಿಂದ. ಚೆಂಡು ಬಲೆಯೊಳಗೆ ಸುರ್ ಅಂತ ಇಳಿಯಿತು. ಅಲ್ಲಿ ಬಲೆ ಇತ್ತಲ್ಲ! ಆ ಸದ್ದು ಅಷ್ಟು ಹತ್ತಿರದಿಂದ ನಾನು ಮೊದಲ ಸಲ ಕೇಳಿದ್ದು. ತಿರುಗಿ ನೋಡಿದರೆ ಎದುರು ತಂಡದ ಬೆಂಚಿನಲ್ಲಿ ಕೂತವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಒಳ್ಳೇ ಮನಸ್ಸಿನಿಂದಲೇ ತಟ್ಟಿದರು. 74–17 ನನಗೆ ಅಷ್ಟು ನೋಯಿಸಿಲ್ಲ. ಆ ಚಪ್ಪಾಳೆ ಇವತ್ತಿಗೂ ಚುಚ್ಚುತ್ತದೆ.

ವಾಪಸ್ ಬರುವ ರೈಲಿನಲ್ಲಿ ರಾಯಚೂರು ಬರುವವರೆಗೂ ಯಾರೂ ಮಾತಾಡಲಿಲ್ಲ. ಕಟ್ಟಿಕೊಂಡು ಹೋಗಿದ್ದ ಕಟಿ ರೊಟ್ಟಿ, ಶೇಂಗಾ ಹಿಂಡಿ ನಾಲ್ಕು ದಿನಕ್ಕೆ ಸಾಕಾಗುವಷ್ಟಿತ್ತು. ನಾವು ಆಡಿದ್ದು ಒಂದೇ ದಿನ. ಕೃಷ್ಣಾ ಸೇತುವೆ ಮೇಲೆ ಕ್ಯಾಪ್ಟನ್ ಕೇಳಿದಳು, "ಸರ್, ಮುಂದಿನ ಮ್ಯಾಚ್ ಯಾವಾಗ್ರಿ?" ಅವಳಿಗೂ ಕೈ ಹೊಂದಿತ್ತು ಅಂತ ಕಾಣುತ್ತದೆ. ಸರ್ ಕಿಟಕಿ ಹೊರಗೆ ನೋಡುತ್ತ, "ಮುಂದಿನ ವರ್ಷ ನೋಡಮು" ಅಂದರು. ಅವಳದು ಫೈನಲ್ ಇಯರ್. ಮೇ ತಿಂಗಳಲ್ಲಿ ಅವಳ ಮದುವೆಗೆ ನಾವೆಲ್ಲ ಹೋಗಿದ್ದೆವು. ಮುಂದಿನ ವರ್ಷ ಆ ತಂಡದಲ್ಲಿ ನಾವ್ಯಾರೂ ಇರಲಿಲ್ಲ.

ಧೈರ್ಯವೋ, ಕ್ಯಾಲೆಂಡರೋ

ಇಷ್ಟು ಹೇಳಿ ನಾನು ಸುಮ್ಮನಾದೆ. ಹುಡುಗಿ ತಾಟು ಎತ್ತಿಟ್ಟು ಬಂದು ಅಂದಳು: "ಅತ್ತಿ, ಏಸಸ್‌ದು ನಾಳೀಗೇ ಮತ್ತೊಂದು ಮ್ಯಾಚ್ ಅದ." ಅವಳ ಲೆಕ್ಕದ ನಾಳೆ ಅಂದರೆ ಅಲ್ಲಿಯ ಭಾನುವಾರ. 53 ಪಾಯಿಂಟ್ ಸೋತ ಮರುದಿನವೇ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಎಂಬ ಹೊಸ ತಂಡದ ಜೊತೆ ಆಟ. ಅಳುವುದಕ್ಕೆ, ಮುಖ ಮುಚ್ಚಿಕೊಳ್ಳುವುದಕ್ಕೆ ಒಂದು ಇಡೀ ದಿನವೂ ಇಲ್ಲ. ಏಜಾ ವಿಲ್ಸನ್ ತಂಡದವರಿಗೆಲ್ಲ ಮೆಸೇಜ್ ಕಳಿಸಿದಳಂತೆ, ನಿನ್ನೆಯ ಆಟಕ್ಕೆ ನಾಚಿಕೆ ಆಗದವರು ಜಿಮ್ಮಿಗೆ ಬರಲೇಬೇಡಿ ಅನ್ನುವ ಅರ್ಥದಲ್ಲಿ. ಮರುದಿನ ಏಸಸ್ 101, ವಾಲ್ಕಿರೀಸ್ 77.

ಆ 53ರ ಸೋಲಿನವರೆಗೆ ಅವರು 28 ಆಡಿ 14 ಗೆದ್ದು 14 ಸೋತಿದ್ದರು. 2022, 2023ರಲ್ಲಿ ಸಾಲಾಗಿ ಕಪ್ ಗೆದ್ದ ತಂಡ ಅದು. ಕೋಚ್ ಬೆಕಿ ಹ್ಯಾಮನ್‌ರನ್ನು ಮನೆಗೆ ಕಳಿಸಬೇಕು ಅನ್ನುವವರೂ ಇದ್ದರು. ಆಮೇಲೆ ಉಳಿದ 16 ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ. 30–14ಕ್ಕೆ ಲೀಗ್ ಮುಗಿಸಿದರು. ಹೇಗೆ ಅಂತ ಬಲ್ಲವರು ಬಹಳ ಬರೆದರು. ಜುವೆಲ್ ಲಾಯ್ಡ್ ಅಂಥವಳು, 2023ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ ಹೊಡೆದವಳು, ಮೊದಲ ಐವರಲ್ಲಿ ಇಳಿಯೋದು ಬಿಟ್ಟು ಬೆಂಚಿನಿಂದ ಬರತೊಡಗಿದಳು. ಅದು ತಂಡಕ್ಕೆ ಹೊಂದಿತು. ನಾಯಕಿಯ ಕೆಚ್ಚು, ಛಲ, ಧೈರ್ಯ ಅಂತ ಎಲ್ಲ ಕಡೆ ಬಂತು. ಇಲ್ಲ ಅನ್ನೋದಿಲ್ಲ. ಏಜಾ ಸಾಮಾನ್ಯ ಹೆಂಗಸಲ್ಲ. ದಕ್ಷಿಣ ಕೆರೊಲಿನಾದಲ್ಲಿ ಅವಳ ಅಜ್ಜಿ ಚಿಕ್ಕವಳಿದ್ದಾಗ ಅಲ್ಲಿಯ ವಿಶ್ವವಿದ್ಯಾಲಯದ ಆವರಣದೊಳಗೆ ಕಪ್ಪು ಜನ ಕಾಲಿಡುವ ಹಾಗಿರಲಿಲ್ಲ, ಸುತ್ತು ಹಾಕಿ ಹೋಗಬೇಕಿತ್ತು. ಅದೇ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಮೊಮ್ಮಗಳು ರಾಷ್ಟ್ರೀಯ ಕಪ್ ತಂದುಕೊಟ್ಟಳು. 2021ರಲ್ಲಿ ಅಲ್ಲಿಯೇ ಅವಳ ಪ್ರತಿಮೆ ನಿಲ್ಲಿಸಿದರು. ಸುತ್ತು ಹಾಕಿ ಹೋಗಬೇಕಾದ ಓಣಿ, ಕೇರಿಗಳ ವಿಷಯ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆದರೂ ನನಗೆ ಕಂಡದ್ದು ಧೈರ್ಯಕ್ಕಿಂತ ಜಾಸ್ತಿ ಕ್ಯಾಲೆಂಡರ್. ಸೀಸನ್ ಶುರುವಾಗುವ ಮೊದಲೇ ಯಾರೋ ಕೂತು ಹದಿಮೂರು ತಂಡ, ತಂಡಕ್ಕೆ 44 ಪಂದ್ಯ ಅಂತ ಬರೆದಿಟ್ಟಿದ್ದರು. ನೀನು 53ರಲ್ಲಿ ಸೋಲು, ಒಂದರಲ್ಲಿ ಸೋಲು, ನಾಳೆ ಇಷ್ಟು ಗಂಟೆಗೆ ನೀನು ಮೈದಾನದಲ್ಲಿರಬೇಕು. ನಮ್ಮಲ್ಲಿ ನಡೆಯೋದೆಲ್ಲ ನಾಕೌಟ್. ತಾಲೂಕು, ಜಿಲ್ಲೆ, ವಿಭಾಗ, ಎಲ್ಲ ಕಡೆ ಸೋತವರು ಬಸ್ ಹತ್ತುವುದು. ದುಡ್ಡಿಲ್ಲ, ದಿನ ಇಲ್ಲ, ಕೋರ್ಟ್ ಇಲ್ಲ, ಹೀಗಾಗಿ ಬೇಗ ಮುಗಿಸಬೇಕು. ಕಾರಣ ಸರಿಯಾದದ್ದೇ. ಆದರೆ ಇದರಲ್ಲೊಂದು ವಿಚಿತ್ರ ಇದೆ ನೋಡಿ. ಯಾರಿಗೆ ಆಟ ಚೆನ್ನಾಗಿ ಬರುತ್ತದೋ ಅವರಿಗೇ ಜಾಸ್ತಿ ಪಂದ್ಯ ಸಿಗುತ್ತದೆ. ಯಾರು ಕಲಿಯಬೇಕೋ ಅವರು ಹನ್ನೊಂದು ಗಂಟೆಗೆ ಮನೆಯಲ್ಲಿರುತ್ತಾರೆ. ಅವತ್ತು ಮಧ್ಯಾಹ್ನ ಒಂದು ಹಾಳೆ ತೆಗೆದುಕೊಂಡು, ಮೂರು ವರ್ಷದ ಕಾಲೇಜಿನಲ್ಲಿ ನಾನು ಆಡಿದ ನಿಜವಾದ ಪಂದ್ಯಗಳನ್ನು ಎಣಿಸಿದೆ. ಒಂಬತ್ತು. ಅಂದರೆ ಏಜಾ ಒಂದು ತಿಂಗಳಲ್ಲಿ ಆಡುವಷ್ಟು.

ಚೆನ್ನಾಗಿ ಆಡುವವರಿಗೆ ಮರುದಿನ ಕೊಟ್ಟರೆ ಗೆಲ್ಲುತ್ತಾರೆ, ಆಟವೇ ಬರದವರಿಗೆ ಕೊಟ್ಟರೆ ಮತ್ತೆ ಸೋಲುತ್ತಾರೆ, ಅಷ್ಟೇ ತಾನೆ ಅಂತ ನಮ್ಮೆಜಮಾನರು ವಾದಿಸಿದರು. ಅವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಆಟವಲ್ಲ, ಆದರೆ ವಾದದಲ್ಲಿ ಹುರುಳಿದೆ. ಇದೇ ಸೀಸನ್ನಿನಲ್ಲಿ ಡಲ್ಲಾಸ್ ವಿಂಗ್ಸ್ ತಂಡ 44ರಲ್ಲಿ 34 ಸೋತಿತು. ಅವರಿಗೂ ಅದೇ ಕ್ಯಾಲೆಂಡರ್ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ, ಹುಡುಗಿಯ ಹತ್ತಿರ ಇತ್ತು. "ಮಾಮಾ, ಪೇಜ್ ಬೆಕರ್ಸ್ ಅದೇ ಟೀಮಿನ್ಯಾಕಿ." ಮೊದಲನೇ ವರ್ಷದ ಆಟಗಾರ್ತಿ. ಆಗಸ್ಟ್ 20ರಂದು ಲಾಸ್ ಏಂಜಲಿಸ್ ಜೊತೆ ಒಬ್ಬಳೇ 44 ಪಾಯಿಂಟ್ ಹೊಡೆದಳು. ಅಷ್ಟು ಹೊಡೆದೂ ತಂಡ 81–80ಕ್ಕೆ ಸೋತಿತು. ನಾಕೌಟ್ ಆಗಿದ್ದರೆ ಅವಳು ಮೇ ತಿಂಗಳಲ್ಲೇ ಮನೆಗೆ ಹೋಗಿರುತ್ತಿದ್ದಳು. ಆ 44 ಎಲ್ಲಿ ಬರುತ್ತಿತ್ತು? ಯಜಮಾನರು ಪೇಪರ್ ಮಡಚಿ ಸ್ನಾನಕ್ಕೆ ಎದ್ದರು. ಅವರು ಸೋಲೊಪ್ಪುವ ರೀತಿಯೇ ಅದು.

ದುಡ್ಡಿನ ಮಾತೂ ಬರಬೇಕು, ಸುಮ್ನೆ ದಾಟಿಸಲಾಗದು. ಅಲ್ಲಿಯವರಿಗೂ ಎಲ್ಲ ಸಿಕ್ಕಿಬಿಟ್ಟಿದೆ ಅಂತಲ್ಲ. ಜುಲೈ 19ರಂದು, ಲೀಗಿನ ಆಯ್ದ ಆಟಗಾರ್ತಿಯರು ಆಡುವ ಆಲ್ ಸ್ಟಾರ್ ಪಂದ್ಯದ ವಾರ್ಮ್ ಅಪ್‌ಗೆ ಅವರು, ನಮಗೆ ಕೊಡಬೇಕಾದ್ದನ್ನು ಕೊಡಿ ಅಂತ ಅಂಗಿಯ ಮೇಲೆ ಬರೆಸಿಕೊಂಡೇ ಇಳಿದರು. ಇಡೀ ಲೀಗಿಗೆ ಜನ ತಂದ ಕೇಟ್ಲಿನ್ ಕ್ಲಾರ್ಕ್‌ಗೆ ಮೊದಲ ವರ್ಷದ ಸಂಬಳ 76,535 ಡಾಲರ್. ನಮ್ಮ ಹುಡುಗಿ ಅದನ್ನು ರೂಪಾಯಿಗೆ ತಿರುಗಿಸಿ ಬಾಯಿ ತೆರೆದಳು. ಅವಳಿಗೆ ನಾನು ಹೇಳಿದ್ದು ಗೀತು ಆನಾ ಜೋಸ್ ಕಥೆ. ಕೇರಳದ ಹುಡುಗಿ, ದಕ್ಷಿಣ ರೈಲ್ವೆಯಲ್ಲಿ ನೌಕರಿ, ಭಾರತದ ನಾಯಕಿ. 2011ರಲ್ಲಿ ಅಮೆರಿಕಕ್ಕೆ ಹೋಗಿ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್ ಕೊಟ್ಟು ಬಂದಳು, ಜಾಗ ಸಿಗಲಿಲ್ಲ. ನಮ್ಮಲ್ಲಿ ಈ ಆಟ ಆಡುವ ಹೆಂಗಸರನ್ನು ಇಷ್ಟು ವರ್ಷ ಸಾಕಿದ್ದು ಲೀಗ್ ಅಲ್ಲ, ರೈಲ್ವೆ. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಕಜಕಸ್ತಾನವನ್ನು 75–73ಕ್ಕೆ ಸೋಲಿಸಿ ನಮ್ಮವರು ಏಷ್ಯಾದ ಮೇಲಿನ ಡಿವಿಷನ್ನಿಗೆ ಏರಿದರಲ್ಲ, ಆ ಸುದ್ದಿಯನ್ನು ನಾನು ಬ್ರಾಂಚಿನಲ್ಲಿ ಹೇಳಿದಾಗ ಕ್ಯಾಶಿಯರ್ ಕೇಳಿದ್ದು, "ಹೆಂಗಸ್ರ್ದು ಟೀಮೂ ಅದಾ ಏನ್ರಿ ಮೇಡಂ?"

ಹಂಗಾಮು

ಸೆಪ್ಟೆಂಬರಿನಲ್ಲಿ ಹುಡುಗಿಯ ಶಾಲೆಯ ತಂಡ ತಾಲೂಕು ಮಟ್ಟದಲ್ಲಿ ಆಡಿತು. ಬೆಳಿಗ್ಗೆ ಒಂಬತ್ತಕ್ಕೆ ಹಣೆಗೆ ವಿಭೂತಿ ಹಚ್ಚಿಕೊಂಡು ಹೋದವಳು ಹನ್ನೊಂದಕ್ಕೆ ಮನೆಯಲ್ಲಿದ್ದಳು. 26–8. ಶೂ ಬಿಚ್ಚಿ ಒಂದನ್ನು ತುಳಸಿ ಕಟ್ಟೆ ಕಡೆ, ಇನ್ನೊಂದನ್ನು ಬಚ್ಚಲ ಕಡೆ ಎಸೆದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಊಟದ ಹೊತ್ತಿಗೆ ಸಮಾಧಾನವಾಯಿತು. ತಾಟಿನ ಮುಂದೆ ಕೂತು ಕೇಳಿದಳು: "ಅತ್ತಿ, ಇನ್ನ ಮುಂದಿನ ಮ್ಯಾಚ್ ಯಾವಾಗ?" ನನ್ನ ಬಾಯಿಂದ ಬರಲು ತಯಾರಾಗಿ ನಿಂತದ್ದು ಅದೇ ಮಾತು. ಮುಂದಿನ ವರ್ಷ ನೋಡಮು. ನಾಲಿಗೆ ತುದಿಯವರೆಗೆ ಬಂದಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನಗೆ ನಮ್ಮ ಸರ್ ಮೇಲೆ ಕನಿಕರ ಬಂತು. ಅವರಾದರೂ ಬೇರೆ ಏನು ಹೇಳಬೇಕಿತ್ತು? "ಉಣ್ಣು ಮೊದ್ಲ" ಅಂದು ಎದ್ದುಬಿಟ್ಟೆ.

ಆ ತಿಂಗಳ ಕೊನೆಗೆ ಭೀಮೆ ಬಂದಳು. ಮಹಾರಾಷ್ಟ್ರದ ಕಡೆ ಮಳೆ ಸುರಿದು, ಮೇಲಿನಿಂದ ನೀರು ಬಿಟ್ಟು, ಅಫಜಲಪುರ, ಜೇವರ್ಗಿ ಕಡೆಯ ದಂಡೆ ಊರುಗಳೆಲ್ಲ ಮುಳುಗಿದ್ದು ನಿಮಗೆ ಗೊತ್ತೇ ಇದೆ. ಅಣ್ಣನ ಹೊಲ ದಂಡೆಯ ಮೇಲೆಯೇ. ದಸರಾ ರಜೆಗೆ ಹುಡುಗಿ ಊರಿಗೆ ಹೋಗಬೇಕಿತ್ತು, ದಾರಿ ಮೇಲೆ ನೀರು. ಸರ್ಕಾರದ ಜಾತಿ ಸಮೀಕ್ಷೆಗೆಂದು ರಜೆ ಅಕ್ಟೋಬರ್ 18ರವರೆಗೆ ಎಳೆದಿದ್ದರಿಂದ ಅವಳು ನಮ್ಮಲ್ಲೇ ಉಳಿದಳು. ಹೀಗಾಗಿ ಏಸಸ್‌ನ ಕೊನೆಯ ಹದಿನೈದು ದಿನ ಮತ್ತು ಅಣ್ಣನ ತೊಗರಿಯ ಕೊನೆಯ ಹದಿನೈದು ದಿನ ನನ್ನ ತಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡುಬಿಟ್ಟಿವೆ.

ಮಹಾನವಮಿಯ ಬೆಳಿಗ್ಗೆ, ಅಕ್ಟೋಬರ್ 1. ಹೊರಗೆ ಯಜಮಾನರು ಸ್ಕೂಟರ್ ತೊಳೆಯುತ್ತಿದ್ದರು, ಪೂಜೆಗೆ. ಒಳಗೆ ನಾವು ಸೆಮಿಫೈನಲ್ಲಿನ ಐದನೇ, ಕೊನೆಯ ಪಂದ್ಯ ನೋಡುತ್ತಿದ್ದೆವು, ಏಸಸ್ ಮತ್ತು ಇಂಡಿಯಾನಾ ಫೀವರ್. ಫೀವರ್ ತಂಡದ ಕ್ಲಾರ್ಕ್ ಗಾಯವಾಗಿ ಇಡೀ ಸೀಸನ್ನಿನಲ್ಲಿ ಆಡಿದ್ದು 13 ಪಂದ್ಯ. ಅವಳ ಹಿಂದೆ ಒಬ್ಬೊಬ್ಬರೇ ಬಿದ್ದರು, ಮೊಣಕಾಲು, ಪಾದ ಅಂತ. ಉಳಿದವರನ್ನು ಕಟ್ಟಿಕೊಂಡು ಇಲ್ಲಿಯವರೆಗೆ ಬಂದಿದ್ದೇ ದೊಡ್ಡದು. ಆ ದಿನ ಮೂರನೇ ಕ್ವಾರ್ಟರಿನಲ್ಲಿ ಅವರ ಕೆಲ್ಸಿ ಮಿಚೆಲ್ ನೆಲಕ್ಕೆ ಬಿದ್ದಳು. ಯಾರೂ ತಳ್ಳಿರಲಿಲ್ಲ. ಕಾಲು ಹಿಡಿದುಕೊಂಡಳು, ಆಮೇಲೆ ಕಾಲು ಅಲ್ಲಾಡಿಸುವುದಕ್ಕೇ ಆಗಲಿಲ್ಲ. ಅತಿಯಾದ ದಣಿವಿಗೆ ಸ್ನಾಯುಗಳೇ ಕರಗಿ ಒಡೆಯುವ ಒಂದು ತೊಂದರೆ ಅದು ಅಂತ ಆಮೇಲೆ ತಿಳಿಯಿತು. ಏಸಸ್ ಅಭಿಮಾನಿಯಾದ ನಮ್ಮ ಹುಡುಗಿ ಅಳತೊಡಗಿದಳು. ಅಷ್ಟರಲ್ಲಿ ಅಣ್ಣನ ಫೋನ್. "ತೊಗರಿ ಪೂರಾ ಹೋಯ್ತವ್ವಾ. ಸೊಂಟದ ಮಟ ನೀರು ನಿಂತದ. ಈ ಹಂಗಾಮು ಮುಗೀತು." ಫೋನ್ ಇಟ್ಟು ನೋಡಿದರೆ ಆಟ ಹೆಚ್ಚುವರಿ ಐದು ನಿಮಿಷಕ್ಕೆ ಹೋಗಿದೆ. ಕೊನೆಗೆ ಏಸಸ್ 107–98. ಖುಷಿಪಡಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ. ಸ್ಕೂಟರಿಗೆ ನಿಂಬೆಹಣ್ಣು ಬೇಕು ಅಂತ ಹೊರಗಿನಿಂದ ಕೂಗು ಬಂತು.

ಮರುದಿನ ಬನ್ನಿ. ನೀರು ಸ್ವಲ್ಪ ಇಳಿದಿತ್ತು, ಅಣ್ಣ ಯಾರದೋ ಗಾಡಿಯಲ್ಲಿ ಸುತ್ತು ಹೊಡೆದು ಸಂಜೆಗೆ ಬಂದ. ಬನ್ನಿ ಕೊಟ್ಟು, "ಬಂಗಾರದಂಗ ಇರಮು" ಅಂದ. ಕೈಯಲ್ಲಿ ಎಲೆ, ಉಗುರಿನ ಸಂದಿಯಲ್ಲಿ ಇನ್ನೂ ಎರೆಮಣ್ಣು. ಏನು ಮಾಡ್ತಿ ಅಂತ ಕೇಳಿದೆ. "ಏನ್ ಮಾಡಾದು. ನೆಲ ಆರಿದ್ರ ಹಿಂಗಾರಿಗಿ ಕಡ್ಲಿ ಬಿತ್ತಮು ಅಂತ" ಅಂದ. ಬೀಜ ಎಲ್ಲಿಂದ, ದುಡ್ಡು ಎಲ್ಲಿಂದ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸೀಸನ್ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಅಂತ ಹುಡುಗಿ ಒಮ್ಮೆ ಕೇಳಿದ್ದಳು, ನಾನು ಋತು ಅಂತ ಏನೋ ಹೇಳಿದ್ದೆ. ತಪ್ಪು ಹೇಳಿದ್ದೆ. ಹಂಗಾಮು ಅನ್ನಬೇಕಿತ್ತು. ಆ ಪದದ ಒಳಗೆ ಮುಂಗಾರು ಹೋದರೆ ಹಿಂಗಾರು ಅನ್ನುವ ಲೆಕ್ಕ ಇದೆ. ಅಣ್ಣನ ಈ ಲೆಕ್ಕವನ್ನು ನಾನು ಹೊಗಳುತ್ತಿಲ್ಲ, ಅದರ ಹಿಂದೆ ಎಷ್ಟು ಸಾಲ ಇದೆ ಅಂತ ಬ್ಯಾಂಕಿನಲ್ಲಿ ಕೂತವಳಿಗೆ ಗೊತ್ತು.

ಫೈನಲ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಮೊದಲ ಬಾರಿಗೆ ಏಳು ಪಂದ್ಯದ ಫೈನಲ್ ಇಟ್ಟಿದ್ದರು, ಮೊದಲು ನಾಲ್ಕು ಗೆದ್ದವರಿಗೆ ಕಪ್; ಏಸಸ್ ನಾಲ್ಕರಲ್ಲೇ ಫೀನಿಕ್ಸ್ ಮರ್ಕ್ಯುರಿಯನ್ನು ಮುಗಿಸಿಬಿಟ್ಟರು. ಆಗಸ್ಟಿನಲ್ಲಿ 53ರಿಂದ ಬಗ್ಗುಬಡಿದ ಲಿಂಕ್ಸ್ ಫೈನಲ್ಲಿಗೇ ಬರಲಿಲ್ಲ. ಆ ದೊಡ್ಡ ಗೆಲುವಿನ ದಿನವೇ ಅವರ ನಫೀಸಾ ಕಾಲಿಯರ್ ಹರಡು ಉಳುಕಿಸಿಕೊಂಡಿದ್ದಳು ಅನ್ನೋದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಮೂರನೇ ಪಂದ್ಯದ ಒಂದು ಗಳಿಗೆ ಮಾತ್ರ ಹೇಳಬೇಕು. 88–88. ಕೆಲವೇ ಸೆಕೆಂಡ್ ಉಳಿದಿವೆ. ಏಜಾ ರಿಂಗಿಗೆ ಬೆನ್ನು ಮಾಡಿ ನಿಂತಿದ್ದಾಳೆ, ಇಬ್ಬರು ಮೈಮೇಲೆ ಬಿದ್ದಿದ್ದಾರೆ. ಒಂದು ಸಲ ತಟ್ಟಿ, ತಿರುಗಿ, ಹಿಂದಕ್ಕೆ ವಾಲಿ ಬಿಟ್ಟಳು. ಚೆಂಡು ರಿಂಗಿಗೆ ಬಡಿದು ಒಳಗಿಳಿಯಿತು. ಗಡಿಯಾರದಲ್ಲಿ 0.3 ಸೆಕೆಂಡ್. ಹುಡುಗಿ ಕಿರುಚಿದ್ದಕ್ಕೆ ಮೇಲಿನ ಮನೆಯ ಕಾಕೂ ಏನಾಯಿತೋ ಅಂತ ಇಳಿದು ಬಂದರು. ಬಂದವರು ಕೂತು, ನಾಲ್ಕು ಸಲ ರಿಪ್ಲೇ ನೋಡಿ, "ಭಾಳ ಎತ್ತರದಾಕಿ ಅದಾಳ ನೋಡು. ಲಗ್ನ ಆಗ್ಯದೇನ?" ಅಂತ ಕೇಳಿ ಚಾ ಕುಡಿದು ಹೋದರು.

ಐತ್ವಾರ

ದೀಪಾವಳಿ ಕಳೆದ ಮೇಲೆ ಹುಡುಗಿಯ ತಂಡವನ್ನು 26–8ಕ್ಕೆ ಸೋಲಿಸಿದ ಶಾಲೆಯ ಪಿ.ಟಿ. ಟೀಚರಿಗೆ ಫೋನ್ ಮಾಡಿದೆ. ಅದೇ ಎರಡು ತಂಡ ಮತ್ತೆ ಆಡಲಿ, ಐತ್ವಾರ ಬೆಳಿಗ್ಗೆ ಏಳಕ್ಕೆ, ವಾರ ವಾರ ಆಡಲಿ ಅಂದೆ. "ಕಪ್ಪು?" ಅಂದರು. ಇಲ್ಲ ಅಂದೆ. "ಸರ್ಟಿಫಿಕೇಟ್ ಆದ್ರೂ ಕೊಡ್ತೀರೇನ್ರಿ?" ಅದೂ ಇಲ್ಲ. "ಮತ್ ಯಾಕ್ರಿ ಮೇಡಂ?" ಅಂದರು. ಒಳ್ಳೇ ಪ್ರಶ್ನೆ. ನಾನು ಏನೇನೋ ಹೇಳಿದೆ, ಲಾಸ್ ವೇಗಾಸ್ ಅಂತಲೂ ಅಂದೆ ಅಂತ ಕಾಣುತ್ತದೆ. ಅವರಿಗೆ ಅರ್ಥವಾದದ್ದು ಬಹುಶಃ ಇಷ್ಟೇ: ಆಟ ಮುಗಿದ ಮೇಲೆ ಎಲ್ಲರಿಗೂ ಇಡ್ಲಿ ವಡೆ ಅತ್ತಿಯ ಖರ್ಚು. ಒಪ್ಪಿಕೊಂಡರು. ಆರನೇ ನಂಬರಿನ ಎರಡು ಚೆಂಡು ತಂದೆ. ಅಂಗಡಿಯವನ ಹತ್ತಿರ ಹತ್ತು ನಿಮಿಷ ಜಗಳಾಡಿ ಒಂದು ಬಲೆಯನ್ನೂ ಪುಕ್ಕಟೆ ಕಟ್ಟಿಸಿಕೊಂಡೆ.

ಮೊದಲನೇ ಐತ್ವಾರ 31–14, ಸೋತೆವು. ಎರಡನೇ ಐತ್ವಾರ 28–19, ಸೋತೆವು. ಎದುರು ತಂಡದ ಎತ್ತರದ ಹುಡುಗಿಯನ್ನು ಇಬ್ಬರು ಸೇರಿ ತಡೆಯಬೇಕು ಅಂತ ನಮ್ಮವರು ಆ ವಾರವೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬಾಣ ಬಿಡಿಸಿಕೊಂಡು ಕೂತಿದ್ದರು. ಮೂರನೇ ಐತ್ವಾರ ಆ ಎತ್ತರದ ಹುಡುಗಿಯೇ ಬರಲಿಲ್ಲ, ಅಕ್ಕನ ಲಗ್ನ. ಅವರ ಕಡೆ ನಾಲ್ಕೇ ಜನ. ಬಾಣವೆಲ್ಲ ವ್ಯರ್ಥವಾಯಿತು ಅಂತ ನಮ್ಮವರಿಗೆ ಸಿಟ್ಟು. ಕೊನೆಗೆ ನಮ್ಮ 22ನ್ನು ಅವರಿಗೆ ಎರವಲು ಕೊಟ್ಟು ಆಡಿಸಿದೆವು. 24–24ಕ್ಕೆ ಇಡ್ಲಿ ಬಂತು, ಆಟ ಅಲ್ಲಿಗೇ ನಿಂತಿತು.

ಕಾಲೇಜಿನ ನಮ್ಮ ಕ್ಯಾಪ್ಟನ್ ಈಗ ಸೊಲ್ಲಾಪುರದಲ್ಲಿದ್ದಾಳೆ. ಎರಡನೇ ಐತ್ವಾರದ ಫೋಟೋ ಕಳಿಸಿದ್ದೆ, ಬೇವಿನ ಗಿಡ ಇಲ್ಲದ ಬೇರೆ ಕೋರ್ಟು, ಹೊಸ ಬಲೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. "ಚೆಂಡು ಯಾವ ನಂಬರಿಂದು?" ಅಂತ ಒಂದೇ ಸಾಲು. ಆರು ಅಂತ ಬರೆದೆ. ಒಂದು ಹೆಬ್ಬೆರಳು ಬಂತು, ಮತ್ತೇನಿಲ್ಲ.

ಸ್ಕೋರ್ ಬರೆಯೋದಕ್ಕೆ ಬ್ರಾಂಚಿನ ಹಳೆಯ ಒಂದು ಲೆಡ್ಜರ್ ತಂದಿಟ್ಟುಕೊಂಡಿದ್ದೇನೆ. ಜನವರಿ ಕೊನೆಯವರೆಗೆ ಅಂತ ಹನ್ನೆರಡು ಸಾಲು ಗೆರೆ ಹೊಡೆದಿದ್ದೇನೆ, ತಾರೀಖೂ ಹಾಕಿದ್ದೇನೆ. ಮೂರು ತುಂಬಿವೆ. ನಾಲ್ಕನೆಯದರ ಮುಂದೆ ಹುಡುಗಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾಳೆ: ಎತ್ತರದಾಕಿ ಬರ್ತಾಳ, ಕೇಳೀನಿ.